ಜಂಬೋ ರಾಕ್ಸ್‌ನಲ್ಲಿ ಎರಡು ರಾತ್ರಿ ಟೆಂಟು: ಅಪ್ಪ ಅಮ್ಮನಿಗೆ ಆಗಬಹುದಾ?

ತೋಟದಮನೆ (ನೀರ್ಚಾಲು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಗ ಉತ್ತರ ಬೇಕಿತ್ತು. ನವೆಂಬರಿನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ, ತಮ್ಮನ ಮನೆಗೆ ಹೋಗುತ್ತಿದ್ದೇನೆ. ಅವನು ನಮ್ಮನ್ನು ಕೇಳದೆ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿನ ಜಂಬೋ ರಾಕ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ರಾತ್ರಿಗೆ ಜಾಗ ಬುಕ್ ಮಾಡಿ ಇಟ್ಟಿದ್ದಾನೆ. ಮರುಭೂಮಿ. ಸುತ್ತ ಮನೆಯಷ್ಟು ದೊಡ್ಡ ಬಂಡೆಗಳು, ನಡುವೆ ಟೆಂಟು. ಫೋಟೋ ನೋಡಿ ಅಪ್ಪನಿಗೆ ಭಾರೀ ಖುಷಿ. "ಬಯಲಾಟಕ್ಕೆ ಹೋದ ಹಾಗೆ ಆಯಿತು, ರಾತ್ರಿಯಿಡೀ ಆಕಾಶದ ಕೆಳಗೆ ಕೂತುಕೊಳ್ಳಬಹುದು" ಅಂತ ಹೇಳುತ್ತಿದ್ದಾರೆ.

ನನಗೆ ಹೆದರಿಕೆ. ಅಪ್ಪನಿಗೆ 69, ಬಿಪಿ ಮಾತ್ರೆ ಇದೆ. ಅಮ್ಮನಿಗೆ 64, ಮೊಣಕಾಲು ನೋವು, ನೆಲದಲ್ಲಿ ಕೂತರೆ ಏಳಲಿಕ್ಕೆ ಕಷ್ಟ. ಅಲ್ಲಿ ನೀರೇ ಇಲ್ಲವಂತೆ, ಒಂದು ನಲ್ಲಿ ಕೂಡ ಇಲ್ಲ. ನಮ್ಮದು ಗುಡ್ಡಕ್ಕೆ ತೋಡಿದ ಸುರಂಗದ ನೀರು ಹಗಲು ರಾತ್ರಿ ಹರಿಯುವ ಮನೆ. ಅಮ್ಮ ಒಂದು ಲೋಟ ತೊಳೆಯಲು ನಾಲ್ಕು ಲೋಟ ನೀರು ಬಳಸುವವಳು. ಚಳಿ ಹೇಗೆ? ಕಕ್ಕಸು ಹೇಗೆ? ಕ್ಯಾನ್ಸಲ್ ಮಾಡಿ ಹೋಟೆಲು ಹಿಡಿ ಅಂತ ತಮ್ಮನಿಗೆ ಹೇಳಲಾ? ಹೋಗಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ಪೆರ್ಲದ ಭಾವ

ಹೋಟೆಲು ಹಿಡಿಯಿರಿ. 69 ವರ್ಷದವರನ್ನು ಕರೆದುಕೊಂಡು ಹೋಗಿ ಮರುಭೂಮಿಯಲ್ಲಿ ಮಲಗಿಸುವುದು ಅಂದರೆ ಏನು? ಹಗಲು ಕಾರಿನಲ್ಲಿ ಹೋಗಿ ನೋಡಿ ಬರಬಹುದಲ್ವಾ.

ಕುಂಬಳೆಯವಳು (ಈಗ ಸ್ಯಾನ್ ಡಿಯಾಗೊ)

ಅಕ್ಕಾ, ಕ್ಯಾನ್ಸಲ್ ಮಾಡಬೇಡಿ! ಅಲ್ಲಿ ಜಾಗ ಸಿಗುವುದೇ ಕಷ್ಟ. ಒಟ್ಟು 124 ಸೈಟುಗಳಿವೆ, ಆದರೂ ತಂಪಿನ ತಿಂಗಳುಗಳಲ್ಲಿ ಶನಿವಾರ ಭಾನುವಾರ ತುಂಬಿಬಿಡುತ್ತದೆ. ಬುಕಿಂಗ್ ಆರು ತಿಂಗಳು ಮೊದಲೇ ಶುರುವಾಗುತ್ತದೆ. ನಿಮ್ಮ ತಮ್ಮ ಬೇಸಿಗೆಯಲ್ಲೇ ಕೂತು ಯೋಚನೆ ಮಾಡಿರಬೇಕು.

ನಾನು ನಾಲ್ಕು ಸಲ ಹೋಗಿದ್ದೇನೆ, ಒಂದು ಸಲ ಅತ್ತೆ ಮಾವನ ಜೊತೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಪ್ರತಿ ಸೈಟಿನಲ್ಲಿ ಒಂದು ಮೇಜು, ಅದಕ್ಕೆ ಸೇರಿದ ಬೆಂಚು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ. ಅಷ್ಟೇ. ಕರೆಂಟಿಲ್ಲ, ಸ್ನಾನವಿಲ್ಲ, ಅಂಗಡಿ ಇಲ್ಲ. ಕಕ್ಕಸು ಇದೆ. ಗುಂಡಿ ಕಕ್ಕಸು, ಆದರೆ ಕೂರುವ ಸೀಟು ಇದೆ, ಅಮ್ಮನ ಮೊಣಕಾಲಿಗೆ ತೊಂದರೆ ಆಗುವುದಿಲ್ಲ. ಒಳಗೆ ನೀರಿಲ್ಲ, ಕಾಗದ ಮಾತ್ರ. ನಾವು ಕಕ್ಕಸಿಗೆಂದೇ ಒಂದು ಬಾಟಲಿ ಬೇರೆ ಇಟ್ಟಿದ್ದೆವು. ಅತ್ತೆಗೆ ಅದೊಂದು ಇದ್ದಿದ್ದರಿಂದಲೇ ಅರ್ಧ ಚಿಂತೆ ಹೋಯಿತು.

ಚಳಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಜಾಗ 4,400 ಅಡಿ ಎತ್ತರದಲ್ಲಿದೆ. ನವೆಂಬರಿನಲ್ಲಿ ಹಗಲು 20 ಡಿಗ್ರಿ ಆಸುಪಾಸು, ಬಹಳ ಚಂದ. ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಆಮೇಲೆ ಚಳಿ ಓಡಿಕೊಂಡು ಬರುತ್ತದೆ. ರಾತ್ರಿ 5–6 ಡಿಗ್ರಿ, ಒಮ್ಮೊಮ್ಮೆ ಸೊನ್ನೆ. ಅಮ್ಮನಿಗೆ ಮಡಚುವ ಮಂಚ ತನ್ನಿ, ನೆಲದಲ್ಲಿ ಮಲಗಿಸಲೇಬೇಡಿ. ಮಂಚದ ಮೇಲೂ ದಪ್ಪ ಮ್ಯಾಟು ಹಾಕಿ, ಇಲ್ಲವಾದರೆ ಕೆಳಗಿನ ಗಾಳಿ ಬೆನ್ನಿಗೆ ಕೊರೆಯುತ್ತದೆ.

ಇನ್ನೊಂದು. ಪಾರ್ಕಿನ ಒಳಗೆ ಹೆಚ್ಚಿನ ಕಡೆ ಫೋನು ಸಿಗುವುದಿಲ್ಲ, ಪೆಟ್ರೋಲು ಎಲ್ಲೂ ಇಲ್ಲ. ಮ್ಯಾಪು ಮೊದಲೇ ಇಳಿಸಿಕೊಳ್ಳಿ. ಟ್ವೆಂಟಿನೈನ್ ಪಾಮ್ಸ್ ಊರಿನಲ್ಲಿ ಟ್ಯಾಂಕು ತುಂಬಿಸಿ ಒಳಗೆ ಹೋಗಿ.

ಮುಳ್ಳೇರಿಯಾ

5 ಡಿಗ್ರಿ ಅಂದರೆ ಮಡಿಕೇರಿಯ ಜನವರಿಗಿಂತಲೂ ಜಾಸ್ತಿ ಚಳಿ. ಉಲ್ಲನ್ ಟೊಪ್ಪಿ ಮರೆಯಬೇಡಿ.

ಉಪ್ಪಳ ಶಾರ್ಜಾ

ನಾನು ಜೋಶುವಾ ಟ್ರೀಗೆ ಹೋಗಿಲ್ಲ. ಆದರೆ 14 ವರ್ಷ ಶಾರ್ಜಾದಲ್ಲಿದ್ದೆ, ಮಲೀಹಾ ಕಡೆ ಫಾಸಿಲ್ ರಾಕ್ ಅಂತ ಒಂದು ಕಲ್ಲುಬೆಟ್ಟ ಇದೆ, ಅದರ ಬುಡದಲ್ಲಿ ಎಷ್ಟೋ ರಾತ್ರಿ ಟೆಂಟು ಹಾಕಿದ್ದೇವೆ. ಆ ಕಲ್ಲಿನಲ್ಲಿ ಸಮುದ್ರದ ಚಿಪ್ಪುಗಳ ಗುರುತು ಈಗಲೂ ಕಾಣುತ್ತದೆ, ಒಂದು ಕಾಲದಲ್ಲಿ ಅದು ನೀರಿನ ಅಡಿಯಲ್ಲಿತ್ತು. ಒಮ್ಮೆ ಜೋರ್ಡಾನಿನ ವಾದಿ ರಮ್‌ಗೂ ಹೋಗಿದ್ದೆವು.

ಮರುಭೂಮಿಯ ಚಳಿ ನಮ್ಮ ಊರಿನವರಿಗೆ ಯಾಕೆ ಮೋಸ ಮಾಡುತ್ತದೆ ಅಂದರೆ, ನಮ್ಮಲ್ಲಿ ಗಾಳಿಯಲ್ಲಿ ತೇವ ಇರುತ್ತದೆ, ಅದು ರಾತ್ರಿ ಕಂಬಳಿ ಹೊದ್ದ ಹಾಗೆ ಬಿಸಿಯನ್ನು ಹಿಡಿದಿಡುತ್ತದೆ. ಅಲ್ಲಿ ತೇವವೂ ಇಲ್ಲ, ಮೋಡವೂ ಇಲ್ಲ. ಹಗಲು ಕಾದ ನೆಲ ರಾತ್ರಿ ಎಲ್ಲಾ ಬಿಸಿಯನ್ನು ಆಕಾಶಕ್ಕೆ ಬಿಟ್ಟುಬಿಡುತ್ತದೆ. ಮಧ್ಯಾಹ್ನ ಅಂಗಿ ತೆಗೆದು ಕೂತವರು ರಾತ್ರಿ ಹಲ್ಲು ಕಡಿಯುವುದನ್ನು ನೋಡಿದ್ದೇನೆ.

ಬಾಯಾರಿಕೆಯೂ ಹಾಗೆಯೇ. ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಕೂಡಲೇ ಒಣಗುತ್ತದೆ. ಅಪ್ಪನಿಗೆ ಬಿಪಿ ಮಾತ್ರೆ ಅಂದಿರಿ. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡುತ್ತವೆ. ಹೊರಡುವ ಮೊದಲು ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಗಂಟೆಗೊಮ್ಮೆ ನೀವೇ ನೀರು ಕೊಡಿ. "ಬೇಡ" ಅಂದರೂ ಕೊಡಿ.

ಮತ್ತೆ, ಒಣಗಿದ ತೋಡಿನ ಹಾಗೆ ಕಾಣುವ ಜಾಗದಲ್ಲಿ ಕಾರು ನಿಲ್ಲಿಸಬೇಡಿ. ದೂರದ ಬೆಟ್ಟದಲ್ಲಿ ಮಳೆ ಬಂದರೂ ಇಲ್ಲಿ ನೀರು ನುಗ್ಗುತ್ತದೆ.

ತೋಟದಮನೆ

ಉಪ್ಪಳದಣ್ಣ, ಮಾತ್ರೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಕೇಳುತ್ತೇನೆ. ನೀರು ಎಷ್ಟು ಲೀಟರು ಬೇಕು ಅಂತ ಯಾರಾದರೂ ಲೆಕ್ಕ ಹೇಳಿ. ನಾವು ನಾಲ್ಕು ಜನ, ಎರಡು ರಾತ್ರಿ.

ಕುಂಬಳೆಯವಳು

ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರು, ನಡೆದಾಡುವವರಿಗೆ ಎರಡು ಗ್ಯಾಲನ್ ಅಂತ ಪಾರ್ಕಿನವರೇ ಹೇಳುತ್ತಾರೆ. ಮೂರು ಹಗಲು ಹಿಡಿಯಿರಿ. 4×4×3 = 48 ಲೀಟರು ಬರಿಯ ಕನಿಷ್ಠ. ನೀವು 70 ತನ್ನಿ. 20 ಲೀಟರಿನ ಮೂರು ಕ್ಯಾನು, ಮೇಲಿಂದ ಬಾಟಲಿಗಳು.

ರಾಯದುರ್ಗ

ನೀರಿನ ಮಾತು ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. ನಮ್ಮದು ಅನಂತಪುರ ಜಿಲ್ಲೆ, ದೇಶದಲ್ಲೇ ಮಳೆ ಕಡಿಮೆ ಬೀಳುವ ಜಿಲ್ಲೆಗಳಲ್ಲಿ ಒಂದು. ಟ್ಯಾಂಕರಿನ ನೀರಲ್ಲಿ ಮದುವೆ ಮಾಡಿದ ಮನೆ ನಮ್ಮದು. ಕಾಸರಗೋಡಿನವರಿಗೆ ನೀರು ಉಳಿಸುವುದನ್ನು ಹೇಳಿಕೊಡುವುದು ನಮ್ಮ ಹಕ್ಕು.

ಕುಡಿಯುವ ನೀರು, ಅಡುಗೆ ನೀರು, ತೊಳೆಯುವ ನೀರು ಮೂರೂ ಬೇರೆ ಬೇರೆ ಕ್ಯಾನಿನಲ್ಲಿ ಇರಲಿ. ಒಂದೇ ಕ್ಯಾನಿನಿಂದ ಎಲ್ಲರೂ ಬಗ್ಗಿಸಿದರೆ ಎಷ್ಟು ಖರ್ಚಾಯಿತು ಅಂತ ಗೊತ್ತಾಗುವುದೇ ಇಲ್ಲ. ಕ್ಯಾನಿಗೆ ಕೆಳಗೆ ನಲ್ಲಿ ಇರಬೇಕು. ಊಟಕ್ಕೆ ಎಲೆಯೋ ಅಡಿಕೆ ಹಾಳೆಯ ತಟ್ಟೆಯೋ ಸಾಕು. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಒಂದು ಲೋಟ ಬಿಸಿನೀರು ಹಾಕಿ ಉಜ್ಜಿದರೆ ಮುಗಿಯಿತು. ಕೈ ತೊಳೆಯಲು ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ಎರಡು ತೂತು ಮಾಡಿ, ಹನಿಹನಿಯಾಗಿ ಬರುತ್ತದೆ. ಅಮ್ಮನಿಗೆ ಮನೆಯಲ್ಲೇ ಎರಡು ದಿನ ಅಭ್ಯಾಸ ಮಾಡಿಸಿ.

ಪೆರ್ಲದ ಭಾವ

ಇಷ್ಟೆಲ್ಲಾ ಕಷ್ಟ ಪಟ್ಟು ಬಂಡೆ ನೋಡಲು ಅಮೆರಿಕಕ್ಕೆ ಯಾಕೆ ಹೋಗಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ರಾಯದುರ್ಗದ ಕೋಟೆ ಹತ್ತಿದರೆ ಅದೇ ಬಂಡೆ. ಲೇಪಾಕ್ಷಿ ಕಡೆ ಅದೇ ಬಂಡೆ. ಫೋಟೋದಲ್ಲಿ ನೋಡಿದರೆ ನಿಜವಾಗಿ ವ್ಯತ್ಯಾಸ ಕಾಣುವುದಿಲ್ಲ.

ಆದವಾನಿ

ಭಾವ, ನೀವು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಕಲ್ಲು ಓದುವುದು ನನ್ನ ಕೆಲಸ. ಆಕಾರ ಒಂದೇ, ವಯಸ್ಸು ಬೇರೆ. ಜೋಶುವಾ ಟ್ರೀಯ ಬಂಡೆಗಳು ನೆಲದ ಆಳದಲ್ಲಿ ಕರಗಿದ ಕಲ್ಲು ತಣ್ಣಗಾಗಿ ಹುಟ್ಟಿದ್ದು ಸುಮಾರು 10 ಕೋಟಿ ವರ್ಷದ ಹಿಂದೆ. ಮಾನ್ಜೊಗ್ರಾನೈಟ್ ಅನ್ನುತ್ತಾರೆ, ಗ್ರಾನೈಟಿನ ತಮ್ಮ ಅನ್ನಿ. ರಾಮನಗರದಿಂದ ಬಡಗಕ್ಕೆ ಹೋಗುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಬಂಡೆ ಅವರ ಬಂಡೆಗಿಂತ 25 ಪಟ್ಟು ಹಳೆಯದು.

ಆದರೆ ಗುಂಡಗೆ ಆಗುವ ದಾರಿ ಎರಡೂ ಕಡೆ ಒಂದೇ. ಆಳದಲ್ಲಿದ್ದ ಕಲ್ಲು ಮೇಲಿನ ಭಾರ ಕಡಿಮೆಯಾದ ಹಾಗೆ ಬಿರುಕು ಬಿಡುತ್ತದೆ. ಅಡ್ಡಕ್ಕೆ ಕೆಲವು ಬಿರುಕು, ಉದ್ದಕ್ಕೆ ಕೆಲವು. ಇಡೀ ಕಲ್ಲು ಚೌಕ ಚೌಕವಾಗಿ ಕತ್ತರಿಸಿದ ಹಲ್ವದ ಹಾಗೆ ಆಗುತ್ತದೆ. ಆ ಬಿರುಕಿಗೆ ನೀರು ಇಳಿಯುತ್ತದೆ. ನೀರು ಕಲ್ಲಿನ ಕೆಲವು ಖನಿಜಗಳನ್ನು ಜೇಡಿಮಣ್ಣು ಮಾಡುತ್ತದೆ. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದಲ್ವಾ, ಹಾಗಾಗಿ ಮೂಲೆ ಬೇಗ ಸವೆದು ಗುಂಡಗಾಗುತ್ತದೆ. ಇದೆಲ್ಲಾ ನೆಲದ ಒಳಗೇ, ಮಳೆ ಜಾಸ್ತಿ ಇದ್ದ ಕಾಲದಲ್ಲಿ ನಡೆದದ್ದು. ಆಮೇಲೆ ಅಲ್ಲಿ ಹವೆ ಒಣಗಿತು, ಗಿಡ ಕಡಿಮೆಯಾಯಿತು, ಒಮ್ಮೆಲೇ ಬರುವ ಪ್ರವಾಹ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಒಳಗಿದ್ದ ಗುಂಡುಕಲ್ಲು ಒಂದರ ಮೇಲೊಂದು ಕೂತು ಹೊರಗೆ ಬಂತು. ಯಾರೋ ಪೇರಿಸಿಟ್ಟ ಹಾಗೆ ಕಾಣುವುದಕ್ಕೆ ಕಾರಣ ಅದೇ.

ಮರುಭೂಮಿಯಲ್ಲಿ ನಿಂತು ನೋಡುವ ಆ ಬಂಡೆಗಳನ್ನು ಕೆತ್ತಿದ್ದು ನೀರು. ಅಪ್ಪನಿಗೆ ಇದನ್ನು ಹೇಳಿ.

ಮುಳ್ಳೇರಿಯಾ

ಹಾಗಾದರೆ ನಮ್ಮ ಪಾರೆಯ ಕೆಂಪುಕಲ್ಲು? ಅದೂ ಹೀಗೆಯಾ?

ಆದವಾನಿ

ಅದು ಬೇರೆ ಕಥೆ. ನಿಮ್ಮಲ್ಲಿ ಮಳೆಯೂ ಸೆಕೆಯೂ ನಿಲ್ಲಲೇ ಇಲ್ಲ. ನೀರು ಕಲ್ಲಿನೊಳಗಿನ ಸಿಲಿಕವನ್ನೆಲ್ಲಾ ತೊಳೆದು ತೆಗೆದುಕೊಂಡು ಹೋಯಿತು, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಯಿತು, ಅದೇ ಮುರಕಲ್ಲು. ಲ್ಯಾಟರೈಟ್ ಅನ್ನುವ ಹೆಸರನ್ನು ಇಟ್ಟದ್ದೇ ನಿಮ್ಮ ಕರಾವಳಿಯ ಕಲ್ಲಿಗೆ. ಫ್ರಾನ್ಸಿಸ್ ಬುಕಾನನ್ ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ನೋಡಿ, 1807ರಲ್ಲಿ ಬರೆದ. ಅಗೆಯುವಾಗ ಮೆತ್ತಗೆ, ಗಾಳಿಗೆ ಇಟ್ಟರೆ ಗಟ್ಟಿ. ಹಾಗೆ ಮೆತ್ತಗೆ ಇರುವುದರಿಂದಲೇ ನಿಮ್ಮ ಹಿರಿಯರು ಪಿಕ್ಕಾಸಿನಲ್ಲಿ ಗುಡ್ಡಕ್ಕೆ ಸುರಂಗ ತೋಡಿ ನೀರು ತಂದದ್ದು. ಜಂಬೋ ರಾಕ್ಸಿನ ಬಂಡೆಗೆ ಸುರಂಗ ತೋಡಲು ಆಗುತ್ತಿರಲಿಲ್ಲ.

ಪೆರ್ಲದ ಭಾವ

ಇದು ಗೊತ್ತಿರಲಿಲ್ಲ. ನಮ್ಮ ಮನೆಯ ಹಿಂದೆಯೂ ಅಜ್ಜ ತೋಡಿಸಿದ ಸುರಂಗ ಇದೆ, ಈಗಲೂ ಏಪ್ರಿಲಿನವರೆಗೆ ನೀರು ಬರುತ್ತದೆ. ಆದರೂ ಟೆಂಟಿನಲ್ಲಿ ಮಲಗುವ ವಿಷಯದಲ್ಲಿ ನನ್ನ ಮಾತು ಅದೇ.

ಅಡುಗೆಮನೆ ಅಕ್ಕ (ಬಾಯಾರು)

ಯಾರೂ ಊಟದ ಮಾತೇ ಎತ್ತಲಿಲ್ಲವಲ್ಲ! ಕುಚ್ಚಿಲಕ್ಕಿ ಕೊಂಡುಹೋಗಬೇಡಿ. 4,400 ಅಡಿ ಎತ್ತರದಲ್ಲಿ ನೀರು 95–96 ಡಿಗ್ರಿಗೇ ಕುದಿಯುತ್ತದೆ, ಕುಚ್ಚಿಲು ಬೇಯುವಷ್ಟರಲ್ಲಿ ಗ್ಯಾಸೂ ನೀರೂ ಮುಗಿಯುತ್ತದೆ. ಗಂಜಿ ಬೇಕೇ ಬೇಕು ಅಂದರೆ ಮನೆಯಲ್ಲೇ ಕುಕ್ಕರಿನಲ್ಲಿ ಬೇಯಿಸಿ ಫ್ಲಾಸ್ಕಿಗೆ ಹಾಕಿ. ಬೆಳಿಗ್ಗೆಗೆ ಅವಲಕ್ಕಿ. ಬೆಲ್ಲ ಕಾಯಿತುರಿ ಹಾಕಿದರೆ ಒಲೆಯೇ ಬೇಡ. ರಾತ್ರಿಗೆ ಚಪಾತಿ ಮನೆಯಲ್ಲೇ ಮಾಡಿ ಕಟ್ಟಿಕೊಳ್ಳಿ, ಅಲ್ಲಿ ಬಿಸಿ ಸಾರು ಮಾತ್ರ ಮಾಡಿ. ಶುಂಠಿ ಕಷಾಯದ ಹುಡಿ ಮರೆಯಬೇಡಿ, ಚಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಹಲಸಿನ ಹಪ್ಪಳ ಬೆಂಕಿಯಲ್ಲಿ ಸುಡಬಹುದು.

ಜತ್ತದ ಮೇಷ್ಟ್ರು

ಬೆಂಕಿಗೆ ಕಟ್ಟಿಗೆ ಅಲ್ಲೇ ಆರಿಸಿಕೊಳ್ಳಬಹುದಲ್ರೀ? ಒಣಗಿದ ಕೊಂಬೆ ಬಿದ್ದಿರುತ್ತವೆ. ಮತ್ತೆ ಗಾಳಿ ಭಾಳ ಇರುತ್ತದೆ, ಗಟ್ಟಿ ನೆಲಕ್ಕೆ ಗೂಟ ಇಳಿಯುವುದಿಲ್ಲ. ನಮ್ಮ ಕಡೆ ಕುರಿ ಕಾಯುವವರು ಹಗ್ಗಕ್ಕೆ ದೊಡ್ಡ ಕಲ್ಲು ಕಟ್ಟುತ್ತಾರೆ. ಇಲ್ಲವಾದರೆ ಮರಕ್ಕೆ ಕಟ್ಟಬಹುದು.

ಕುಂಬಳೆಯವಳು

ಮೇಷ್ಟ್ರೇ, ಕ್ಷಮಿಸಿ, ಎರಡೂ ಅಲ್ಲಿ ಮಾಡಬಾರದು. ಒಂದು ಕಡ್ಡಿಯನ್ನೂ ಆರಿಸುವ ಹಾಗಿಲ್ಲ, ಸೌದೆ ಹೊರಗಿಂದಲೇ ತರಬೇಕು. ಒಣಗಿ ಬಿದ್ದ ಜೋಶುವಾ ಮರದ ಒಳಗೆ ಹಲ್ಲಿಗಳೂ ಹುಳಗಳೂ ಮನೆ ಮಾಡಿರುತ್ತವೆ. ಬೆಂಕಿ ಆ ಕಬ್ಬಿಣದ ಬಳೆಯ ಒಳಗೆ ಮಾತ್ರ, ಮಲಗುವ ಮೊದಲು ಪೂರ್ತಿ ಆರಿಸಬೇಕು. ಮರಕ್ಕೆ ಹಗ್ಗ ಕಟ್ಟುವುದೂ ಇಲ್ಲ. ಅದು ನೋಡಲು ಮರ, ಆದರೆ ಒಳಗೆ ನಾರು ನಾರು, ಬೇರೂ ಗಟ್ಟಿ ಅಲ್ಲ.

ಕಲ್ಲನ್ನೂ ಅತ್ತಿತ್ತ ಎಳೆಯಬೇಡಿ, ಅದರ ಅಡಿಯಲ್ಲಿ ಚೇಳು ಇರಬಹುದು. ನಾವು ಒಂದು ಹಗ್ಗ ಮೇಜಿನ ಕಾಲಿಗೆ, ಒಂದು ಕಾರಿನ ಚಕ್ರಕ್ಕೆ ಕಟ್ಟಿದೆವು. ಉಳಿದದ್ದಕ್ಕೆ ನೀರಿನ ಕ್ಯಾನು.

ಜತ್ತದ ಮೇಷ್ಟ್ರು

ಸರಿ, ತಿದ್ದಿದ್ದಕ್ಕೆ ಉಪಕಾರ. ಆದರೆ ಒಂದು ಮಾತು. ನಮ್ಮಲ್ಲಿ ಬಿದ್ದ ಕಟ್ಟಿಗೆ ಆರಿಸುವುದು ಬಡವರ ಒಲೆಗೆ. ಅದನ್ನು ತಪ್ಪು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ರಾಯದುರ್ಗ

ಮೇಷ್ಟ್ರೇ, ಅಲ್ಲಿಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಒಬ್ಬೊಬ್ಬರು ಒಂದೊಂದು ಕೊಂಬೆ ಆರಿಸಿದರೆ ಏನು ಉಳಿಯುತ್ತದೆ? ಒಲೆಗೂ ಮೋಜಿನ ಬೆಂಕಿಗೂ ವ್ಯತ್ಯಾಸ ಇದೆ.

ಮಂಜೇಶ್ವರ ಟೀಚರ್

ಆ ಜಾಗ ಉಳಿದದ್ದೇ ಇಂಥ ಕಾರಣಕ್ಕೆ. 1920–30ರ ಹೊತ್ತಿಗೆ ಲಾಸ್ ಏಂಜಲೀಸ್ ಕಡೆಯವರು ತಮ್ಮ ತೋಟಕ್ಕೆ ಅಂತ ಮರುಭೂಮಿಯ ಕಳ್ಳಿ, ಯುಕ್ಕಾಗಳನ್ನು ಕಿತ್ತು ಲಾರಿಯಲ್ಲಿ ಸಾಗಿಸುತ್ತಿದ್ದರು. ಮಿನರ್ವಾ ಹಾಯ್ಟ್ ಎನ್ನುವ ಹೆಂಗಸು ಇದರ ವಿರುದ್ಧ ವರ್ಷಗಟ್ಟಲೆ ಓಡಾಡಿದರು. 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕ ಮಾಡಿದರು, 1994ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು.

ಜೋಶುವಾ ಮರ ಅಂದರೆ ಯುಕ್ಕಾ ಜಾತಿ. ನಮ್ಮ ಕತ್ತಾಳೆ, ಶತಾವರಿ ಎಲ್ಲಾ ಅದೇ ಕುಟುಂಬ. ಅದರ ಹೂವಿಗೆ ಪರಾಗ ಮುಟ್ಟಿಸುವುದು ಯುಕ್ಕಾ ಪತಂಗ ಮಾತ್ರ. ಪತಂಗ ಅಲ್ಲೇ ಮೊಟ್ಟೆ ಇಡುತ್ತದೆ, ಮರಿಗಳು ಕೆಲವು ಬೀಜ ತಿನ್ನುತ್ತವೆ, ಉಳಿದದ್ದು ಮರಕ್ಕೆ. ಒಂದಿಲ್ಲದೆ ಇನ್ನೊಂದಿಲ್ಲ. ಅದಕ್ಕೇ ಒಂದು ಮರ ಹೋದರೂ ನನಗೆ ಸಂಕಟ ಆಗುತ್ತದೆ.

ಅಪ್ಪನಿಗೆ ಆಕಾಶ ಇಷ್ಟ ಅಂದಿರಲ್ಲ, ಇದನ್ನು ಬರೆದಿಟ್ಟುಕೊಳ್ಳಿ. ಕಾಸರಗೋಡು 12.5 ಡಿಗ್ರಿ ಅಕ್ಷಾಂಶದಲ್ಲಿದೆ, ಹಾಗಾಗಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 12 ಡಿಗ್ರಿ ಮೇಲೆ. ಅಡಿಕೆ ತೋಟದ ಮನೆಯಿಂದ ಅದು ಕಾಣುವುದೇ ಇಲ್ಲ. ಅಲ್ಲಿ 34 ಡಿಗ್ರಿ ಮೇಲೆ ಇರುತ್ತದೆ. ನವೆಂಬರಿನ ಸಂಜೆ ಸಪ್ತರ್ಷಿ ಮಂಡಲ ತುಂಬಾ ಕೆಳಗೆ, ಬಂಡೆಗೆ ಮರೆಯಾಗಬಹುದು. ಬೆಳಗಿನ ಜಾವಕ್ಕೆ ಈಶಾನ್ಯದಲ್ಲಿ ಎದ್ದು ನಿಂತಿರುತ್ತದೆ. ಕೃತ್ತಿಕೆ ಕತ್ತಲಾಗುವಾಗಲೇ ಮೂಡುತ್ತದೆ, ಇಡೀ ರಾತ್ರಿ ಇರುತ್ತದೆ. 2017ರಿಂದ ಆ ಪಾರ್ಕಿಗೆ ಕತ್ತಲ ಆಕಾಶದ ತಾಣ ಅನ್ನುವ ಅಂತಾರಾಷ್ಟ್ರೀಯ ಮನ್ನಣೆ ಇದೆ. ಅಮಾವಾಸ್ಯೆಗೆ ಹತ್ತಿರದ ದಿನವಾದರೆ ನಿಮ್ಮ ಪುಣ್ಯ.

ತಾಳವಾಡಿ

ಆನೆ ಇಲ್ಲ ತಾನೆ? ನಮ್ಮಲ್ಲಿ ಟೆಂಟು ಅಂದರೆ ಮೊದಲು ಕೇಳುವುದೇ ಅದು.

ಕುಂಬಳೆಯವಳು

ಆನೆ ಇಲ್ಲ :) ಕಾಯೋಟಿ ಇದೆ, ನಮ್ಮ ನರಿಯ ಹಾಗೆ, ರಾತ್ರಿ ಊಳಿಡುತ್ತದೆ. ಊಟದ ಸಾಮಾನು ಎಲ್ಲಾ ಕಾರಿನೊಳಗೆ ಇಟ್ಟರೆ ಹತ್ತಿರ ಬರುವುದಿಲ್ಲ. ಹಾವುಗಳು ಚಳಿಗೆ ಹೆಚ್ಚು ಹೊರಗೆ ಬರುವುದಿಲ್ಲ, ಆದರೂ ಬಂಡೆಯ ಸಂದಿಗೆ ನೋಡದೆ ಕೈ ಹಾಕಬೇಡಿ. ಬೆಳಿಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳಿ.

ಬಿಸಿಲಿರುವಾಗ ಕಾರು ಹೊರಡಿಸುವ ಮೊದಲು ಅಡಿಗೆ ಬಗ್ಗಿ ನೋಡಿ. ಮರುಭೂಮಿಯ ಆಮೆ ನೆರಳಿಗೆ ಬಂದು ಕೂತಿರಬಹುದು. ಕಂಡರೆ ಎತ್ತಬೇಡಿ. ಅದು ಮೂತ್ರಕೋಶದಲ್ಲಿ ತಿಂಗಳುಗಟ್ಟಲೆ ನೀರು ಕೂಡಿಟ್ಟಿರುತ್ತದೆ, ಹೆದರಿದರೆ ಅಷ್ಟನ್ನೂ ಚೆಲ್ಲಿಬಿಡುತ್ತದೆ, ಆಮೇಲೆ ಬಾಯಾರಿ ಸಾಯಬಹುದು.

ಅಡುಗೆಮನೆ ಅಕ್ಕ (ಬಾಯಾರು)

ಅಯ್ಯೋ ಪಾಪ. ಆಮೆಯ ವಿಷಯ ಓದಿ ಮನಸ್ಸಿಗೆ ಒಂಥರಾ ಆಯಿತು.

ಅಕ್ಕಲಕೋಟೆ

ನಡುವೆ ಒಂದು ಬೇರೆ ಮಾತು. ಕ್ಯಾಂಪಿಂಗಿಗೆ ಕನ್ನಡದಲ್ಲಿ ಏನನ್ನುತ್ತಾರೆ? ಇಲ್ಲಿ ಎಲ್ಲರೂ ಕ್ಯಾಂಪ್‌ಗ್ರೌಂಡು, ಸೈಟು ಅಂತಲೇ ಬರೆಯುತ್ತಿದ್ದೀರಿ.

ಮಂಜೇಶ್ವರ ಟೀಚರ್

ಬಿಡಾರ! ಯಕ್ಷಗಾನದ ಮೇಳದವರು ಬಿಡಾರ ಅನ್ನುತ್ತಾರಲ್ಲ. ಟೆಂಟಿನ ಆಟದ ಕಾಲದಲ್ಲಿ ಇವತ್ತು ಎಲ್ಲಿ ಬಿಡಾರ ಅಂತಲೇ ಕೇಳುತ್ತಿದ್ದರು.

ಉಪ್ಪಳ ಶಾರ್ಜಾ

ಒಳ್ಳೆಯ ಶಬ್ದ ಟೀಚರ್. ನಮ್ಮ ಮನೆಯಲ್ಲೂ ಉಂಟು ಆ ಮಾತು.

ಪೆರ್ಲದ ಭಾವ

ಬಿಡಾರ ಸರಿ. ಆದರೆ ಆಟ ನೋಡುವಾಗ ಸುತ್ತ ಊರೇ ಇರುತ್ತಿತ್ತು, ಅರ್ಧ ರಾತ್ರಿಗೆ ಚಾ ಸಿಗುತ್ತಿತ್ತು, ಎದೆನೋವು ಬಂದರೆ ಜೀಪು ಇತ್ತು. ಇಲ್ಲಿ ಫೋನೂ ಇಲ್ಲ. ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಕುಂಬಳೆಯವಳು

ಭಾವ, ಇದು ಸರಿಯಾದ ಪ್ರಶ್ನೆ. ಸುಮ್ನೆ ಧೈರ್ಯ ಹೇಳುವುದಿಲ್ಲ. ಅಲ್ಲಿಂದ ಟ್ವೆಂಟಿನೈನ್ ಪಾಮ್ಸ್‌ಗೆ ಕಾರಿನಲ್ಲಿ ಅರ್ಧ ಗಂಟೆಯಾದರೂ ಬೇಕು. ನಾವು ಮಾವನನ್ನು ಕರೆದುಕೊಂಡು ಹೋದಾಗ ಕಾರಿನ ಮೂತಿ ರಸ್ತೆಯ ಕಡೆಗೇ ಇತ್ತು, ಕೀಲಿ ಒಂದೇ ಜಾಗದಲ್ಲಿ, ಮಾತ್ರೆಯ ಡಬ್ಬಿ ಟೆಂಟಿನ ಒಳಗೆ ದಿಂಬಿನ ಹತ್ತಿರ. ಕಾರು ಓಡಿಸುವವರು ಇಬ್ಬರು ಇದ್ದೆವು. ಒಬ್ಬರೇ ಇದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ತೋಟದಮನೆ

ತಮ್ಮನೂ ನಾದಿನಿಯೂ ಇಬ್ಬರೂ ಓಡಿಸುತ್ತಾರೆ. ನಾದಿನಿಯೂ ಬರುವುದು ಅಂತ ಆಯಿತು, ಅಂದರೆ ಐದು ಜನ. ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿ, ನೀರು ಸರಿಯಾಗಿ ಕುಡಿದರೆ ಹೋಗಬಹುದು ಅಂದರು. ಅಮ್ಮ ನಿನ್ನೆಯಿಂದ ಬಾಟಲಿಗೆ ತೂತು ಮಾಡಿ ಕೈ ತೊಳೆಯುತ್ತಿದ್ದಾಳೆ. ಹೋಗುವುದು ಅಂತಲೇ ತೀರ್ಮಾನ. ಬಂದ ಮೇಲೆ ಬರೆಯುತ್ತೇನೆ.

ತೋಟದಮನೆ

ಬಂದೆವು! ಎಲ್ಲರೂ ಚೆನ್ನಾಗಿದ್ದೇವೆ. ಉದ್ದಕ್ಕೆ ಬರೆಯುತ್ತೇನೆ, ಓದಿ.

ಮೊದಲು ಕೆಟ್ಟದ್ದು. ಟೆಂಟು, ಮಂಚ ಎಲ್ಲಾ ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದ ತಮ್ಮ. ಬಿಚ್ಚಿ ನೋಡಿದರೆ ಒಂದು ಕೋಲು ಕಡಿಮೆ. ಒಂದು ಸ್ಲೀಪಿಂಗ್ ಬ್ಯಾಗಿನ ಜಿಪ್ಪು ಹಾಳು. ಸಿಟ್ಟು ಎಷ್ಟು ಬಂತು ಅಂದರೆ ಹೇಳಲಿಕ್ಕಿಲ್ಲ. ಸಂಜೆ ನಾಲ್ಕೂವರೆ, ಸೂರ್ಯ ಆಗಲೇ ಬಂಡೆಯ ಹಿಂದೆ. ಗೂಟ ಇಳಿಯಲೇ ಇಲ್ಲ, ಎರಡು ಬಗ್ಗಿಹೋಯಿತು. ಆಗ ಅಪ್ಪ ಎದ್ದು ಬಂದರು. ಚಪ್ಪರ ಹಾಕಿ ಅಭ್ಯಾಸ ಇರುವ ಕೈ. ಟೆಂಟಿನ ಒಂದು ಮೂಲೆಯನ್ನು ಕಾರಿನ ಬಾಗಿಲಿಗೆ ಎತ್ತಿ ಕಟ್ಟಿದರು, ಇನ್ನೊಂದು ಮೇಜಿನ ಕಾಲಿಗೆ, ಉಳಿದದ್ದು ನೀರಿನ ಕ್ಯಾನಿಗೆ. ರಾತ್ರಿಯಿಡೀ ಗಾಳಿ ಬೀಸಿತು, ಟೆಂಟು ಅಲುಗಲಿಲ್ಲ. ಹೋಗುವ ಮೊದಲು ಮನೆಯ ಅಂಗಳದಲ್ಲಿ ಒಮ್ಮೆ ಟೆಂಟು ಹಾಕಿ ನೋಡಿ, ದಯವಿಟ್ಟು.

ಮೊದಲ ರಾತ್ರಿ ನೀರು ಕ್ಯಾನಿನ ಬಾಯಿಯ ಹತ್ತಿರ ತೆಳ್ಳಗೆ ಮಂಜುಗಡ್ಡೆ ಆಗಿತ್ತು. ಅಮ್ಮ ಮಂಚದಲ್ಲಿ ಎರಡು ಕಂಬಳಿ, ಟೊಪ್ಪಿ, ಕಾಲಿಗೆ ಬಿಸಿನೀರಿನ ಬಾಟಲಿ ಇಟ್ಟುಕೊಂಡು ಮಲಗಿದಳು. ನನಗಿಂತ ಚೆನ್ನಾಗಿ ನಿದ್ದೆ ಮಾಡಿದ್ದು ಅವಳೇ. ನಾನು ಆ ಹಾಳಾದ ಜಿಪ್ಪಿನ ಬ್ಯಾಗಿನಲ್ಲಿ ನಡುಗಿದೆ.

ನೀರು 80 ಲೀಟರು ಕೊಂಡುಹೋಗಿದ್ದೆವು, ಬರುವಾಗ 14 ಉಳಿದಿತ್ತು. ರಾಯದುರ್ಗದಣ್ಣ, ಅಮ್ಮ ನಿಮಗೆ ವಿಶೇಷವಾಗಿ ಹೇಳಲು ಹೇಳಿದ್ದಾಳೆ. ಅವಳೇ ಕ್ಯಾನಿನ ಹತ್ತಿರ ಕೂತು ಎಲ್ಲರಿಗೂ ಅಳೆದು ಕೊಟ್ಟಳು.

ಎರಡನೆಯ ದಿನ ಕ್ಯಾಪ್ ರಾಕಿನ ಸುತ್ತ ನಡೆದೆವು. ದಾರಿ ಸಮತಟ್ಟು, ಚಿಕ್ಕದು, ಅಮ್ಮನಿಗೆ ಏನೂ ಕಷ್ಟ ಆಗಲಿಲ್ಲ. ಕೀಸ್ ವ್ಯೂವಿನಿಂದ ಕೆಳಗಿನ ಕಣಿವೆ, ದೂರದ ಸಾಲ್ಟನ್ ಸರೋವರ ಕಂಡಿತು. ಅಪ್ಪನೂ ತಮ್ಮನೂ ಬಾರ್ಕರ್ ಡ್ಯಾಮಿಗೆ ಹೋದರು. 1900ರ ಸುಮಾರಿಗೆ ದನ ಸಾಕುವವರು ಬಂಡೆಗಳ ಸಂದಿಗೆ ಕಟ್ಟಿದ ಕಟ್ಟ. ಈಗ ನೀರಿರಲಿಲ್ಲ. ಅಪ್ಪ ಅದರ ಮೇಲೆ ಕೈ ಇಟ್ಟು ತುಂಬಾ ಹೊತ್ತು ನಿಂತಿದ್ದರಂತೆ. "ನಮ್ಮಲ್ಲಿ ಈಗ ತೋಡಿಗೆ ಕಟ್ಟ ಕಟ್ಟುವ ಸಮಯ, ಈ ವರ್ಷ ಯಾರು ಕಟ್ಟುತ್ತಾರೋ" ಅಂದರಂತೆ.

ಟ್ವೆಂಟಿನೈನ್ ಪಾಮ್ಸ್ ಊರಿನ ಮಾರಾ ಓಯಸಿಸ್‌ನಲ್ಲಿ ಒಂದು ಕಥೆ ಕೇಳಿದೆವು. ಸೆರಾನೊ ಅನ್ನುವ ಅಲ್ಲಿನ ಮೂಲ ಜನ ಒಂದೊಂದು ಗಂಡು ಮಗು ಹುಟ್ಟಿದಾಗ ಒಂದೊಂದು ತಾಳೆ ಗಿಡ ನೆಟ್ಟರಂತೆ, ಮೊದಲ ವರ್ಷವೇ 29 ಆಯಿತಂತೆ. ಅಮ್ಮ ಕೂಡಲೇ ತಮ್ಮ ಹುಟ್ಟಿದಾಗ ನೆಟ್ಟ ತೆಂಗಿನ ಮರದ ಮಾತು ತೆಗೆದಳು. "ನನಗೆ ಯಾಕೆ ನೆಡಲಿಲ್ಲ?" ಅಂತ ಕೇಳಿದೆ. ಈಗ ಊರಿಗೆ ಬಂದ ಮೇಲೆ ಬಾವಿಕಟ್ಟೆಯ ಹತ್ತಿರ ಒಂದು ಸಸಿ ಬಂದಿದೆ.

ಟೀಚರ್, ಧ್ರುವದ ವಿಷಯ. ಎರಡನೆಯ ರಾತ್ರಿ ಚಂದ್ರ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ನನ್ನನ್ನು ಎಬ್ಬಿಸಿದರು. ಬಂಡೆಗಳೆಲ್ಲಾ ಕಪ್ಪಗೆ, ಅದರ ಮೇಲೆ ಸಪ್ತರ್ಷಿ ನೆಟ್ಟಗೆ ನಿಂತಿತ್ತು, ಅದರ ಗೆರೆ ಹಿಡಿದು ಹೋದರೆ ಧ್ರುವ. ಅಪ್ಪ ಅರುಂಧತಿ ವಸಿಷ್ಠರನ್ನೂ ತೋರಿಸಿದರು. ಅವರ ಮದುವೆಯಲ್ಲಿ ಪುರೋಹಿತರು ಹಗಲಲ್ಲೇ ಧ್ರುವ ನೋಡಿ, ಅರುಂಧತಿ ನೋಡಿ ಅಂತ ಮನೆಯ ಮಾಡಿನ ಕಡೆಗೆ ತೋರಿಸಿದ್ದರಂತೆ, ಇಬ್ಬರೂ "ಕಂಡಿತು" ಅಂದಿದ್ದರಂತೆ. ಆಮೇಲೆ ಅಪ್ಪ ಹೋಗಿ ಅಮ್ಮನನ್ನೂ ಎಬ್ಬಿಸಿ, ಕಂಬಳಿ ಸುತ್ತಿ, ಕೈ ಹಿಡಿದು ಹೊರಗೆ ಕರೆತಂದರು. ನಾನು ಒಳಗೆ ಹೋಗಿ ಮಲಗಿದೆ.

ಮಂಜೇಶ್ವರ ಟೀಚರ್

ಓದಿ ಕಣ್ಣು ತುಂಬಿತು.

ಅಡುಗೆಮನೆ ಅಕ್ಕ (ಬಾಯಾರು)

ಹಪ್ಪಳ ಸುಟ್ಟಿರಾ ಇಲ್ಲವಾ, ಅದನ್ನು ಬರೆಯಲೇ ಇಲ್ಲ!

ತೋಟದಮನೆ

ಸುಟ್ಟೆವು ಅಕ್ಕಾ. ಪಕ್ಕದ ಸೈಟಿನ ಎರಡು ಮಕ್ಕಳು ಬಂದು ನಿಂತರು, ಅವರಿಗೂ ಕೊಟ್ಟೆವು. ಹತ್ತು ಗಂಟೆಯ ಮೇಲೆ ಗಲಾಟೆ ಮಾಡಬಾರದು ಅಂತ ನಿಯಮ, ಹಾಗಾಗಿ ಬೇಗ ಮುಗಿಸಿದೆವು.

ಪೆರ್ಲದ ಭಾವ

ಆ ಮಡಚುವ ಮಂಚ ಎಷ್ಟು ಭಾರ ತಡೆಯುತ್ತದೆ? ನಾನು 92 ಕೆಜಿ. ಮಗಳು ಫೀನಿಕ್ಸಿನಲ್ಲಿದ್ದಾಳೆ, ಫೆಬ್ರವರಿಯಲ್ಲಿ ಹೋಗುವುದಿದೆ. ಹೆಂಡತಿಗೂ ಓದಿ ಹೇಳಿದೆ, ಹೋಗುವ ಅನ್ನುತ್ತಿದ್ದಾಳೆ.

ಕುಂಬಳೆಯವಳು

ಅಗಲದ ಮಂಚ ತೆಗೆದುಕೊಳ್ಳಿ ಭಾವ, 130 ಕೆಜಿ ತಡೆಯುವುದು ಸಿಗುತ್ತದೆ, ಚೀಲದ ಮೇಲೆ ಬರೆದಿರುತ್ತದೆ ನೋಡಿ. ಫೆಬ್ರವರಿಯ ಶನಿವಾರ ಈಗ ಸಿಗುವುದು ಕಷ್ಟ. ಮಂಗಳವಾರ ಬುಧವಾರ ನೋಡಿ, ಯಾರಾದರೂ ಕ್ಯಾನ್ಸಲ್ ಮಾಡಿದರೆ ಖಾಲಿಯಾಗುತ್ತದೆ. ಫೆಬ್ರವರಿಯಲ್ಲಿ ಚಳಿ ಇನ್ನೂ ಜಾಸ್ತಿ, ಎರಡು ಕಂಬಳಿ ಸಾಲದು, ಮೂರು ಹಿಡಿಯಿರಿ.